ಖಾಕಿ ಪ್ಯಾಂಟಿನ ಎಡಗಾಲು

ಹಳೆಯ ಕಾರಿನಲ್ಲಿ ಸದ್ದಿಗೆ ಬರವಿಲ್ಲ. ಬಾಗಿಲಿನದು ಒಂದು, ಬಟ್ಟೆಯ ಚಾವಣಿಯದು ಇನ್ನೊಂದು, ಗೇರು ಬದಲಿಸುವಾಗ ನೆಲದಡಿಯಿಂದ ಬರುವ ನಿಟ್ಟುಸಿರು ಮತ್ತೊಂದು. ಇವೆಲ್ಲ ಕಿವಿಗೆ ಒಗ್ಗಿಹೋಗಿವೆ. ಯಾವುದಾದರೊಂದು ಕೇಳಿಸದಿದ್ದರೇ ಗಾಬರಿ. ಆದರೆ ಒಂದು ಚಳಿಗಾಲದಲ್ಲಿ ಡಿಕ್ಕಿಯೊಳಗಿಂದ ಹೊಸದೊಂದು ಶುರುವಾಯಿತು. ಎಡಕ್ಕೆ ತಿರುಗಿದರೆ ಟಣ್, ಬಲಕ್ಕೆ ತಿರುಗಿದರೆ ಠಣ್. ನೆಟ್ಟಗೆ ಹೋದರೆ ಸುಮ್ಮನಿರುತ್ತಿತ್ತು. ಇಂಗ್ಲೆಂಡಿನ ಹಳ್ಳಿ ರಸ್ತೆಗಳಿಗೆ ನೆಟ್ಟಗೆ ಹೋಗುವ ಅಭ್ಯಾಸವಿಲ್ಲ.

“ರೀ, ಹಿಂದೆ ಯಾರನ್ನಾದ್ರೂ ಕೂಡಿ ಹಾಕಿದ್ದೀರಾ?” ಎಂದು ನನ್ನಾಕೆ ಕೇಳಿದ ಮೇಲೆ ನಿಲ್ಲಿಸಿ ಡಿಕ್ಕಿ ಎತ್ತಿದೆ. ಸ್ಟೆಪ್ನಿಯ ಪಕ್ಕದಲ್ಲಿ ಟೂಲ್ಸ್ ಸುತ್ತುವ ಬಟ್ಟೆಯೊಂದು ಬಿಚ್ಚಿಕೊಂಡು ಬಿದ್ದಿತ್ತು. ಅದರಲ್ಲಿ ಸಾಲಾಗಿ ಹೊಲಿದ ಜೇಬುಗಳು. ಒಂದೇ ಒಂದರಲ್ಲಿ ಪ್ಲಗ್ ಸ್ಪ್ಯಾನರು, ಅದೂ ಅರ್ಧ ಹೊರಬಂದು ತಗಡಿಗೆ ಬಡಿಯುತ್ತಿತ್ತು. ಉಳಿದವು ಖಾಲಿ. ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ: ಹಿಂದೆ ಅಲ್ಲಿ ಮಲಗಿದ್ದ ಸಾಮಾನಿನ ಆಕಾರ ಬಟ್ಟೆಯ ಮೇಲೆ ತುಕ್ಕಿನ ಕಲೆಯಾಗಿ ಉಳಿದುಕೊಂಡಿತ್ತು. ಇದು ಎರಡು ಬಾಯಿಯ ಸ್ಪ್ಯಾನರು, ಇದು ಕಟಿಂಗ್ ಪ್ಲೇಯರು, ಇದೇನೋ ಉದ್ದನೆಯದು ಗೊತ್ತಾಗುತ್ತಿಲ್ಲ. ಪ್ಲಗ್ ಸ್ಪ್ಯಾನರನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಒತ್ತರಿಸಿ ಇಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಆ ಕಲೆಗಳನ್ನು ನೋಡಿದ ಮೇಲೆ ಅವುಗಳನ್ನು ತುಂಬದೆ ಇರುವುದು ನನ್ನಂಥವನಿಗೆ ಸಾಧ್ಯವಿರಲಿಲ್ಲ.

ಕಾರು 1966ರ ಎಂಜಿಬಿ. ಎರಡು ಸೀಟು, ಕಡ್ಡಿ ಚಕ್ರ, ಕಡುಹಸಿರು ಬಣ್ಣ. ಆಸ್ಪತ್ರೆಯಿಂದ ನಿವೃತ್ತನಾದಾಗ ಕೊಂಡದ್ದು. “ಎಂಜಿ ತಗೊಂಡೆ” ಎಂದು ಸುದ್ದಿ ಕೊಟ್ಟಾಗ ಸಾಗರದ ಚಿಕ್ಕಮ್ಮ, “ಎಂ.ಜಿ. ರೋಡಲ್ಲಾ? ಅಲ್ಲಿ ರೇಟು ಕೇಳೂ ಹಂಗಿಲ್ಲಂತಲ್ಲೋ ಮಾಣಿ” ಎಂದರು. ಬೆಂಗಳೂರಿನ ತಮ್ಮನ ಮಗ, “ಹೆಕ್ಟರಾ ದೊಡ್ಡಪ್ಪ? ಸನ್‌ರೂಫ್ ಇದೆಯಾ?” ಎಂದ. ಇಡೀ ರೂಫೇ ತೆಗೆದು ಮಡಚಿಡಬಹುದು ಎಂದೆ. ಅವನಿಗೆ ಬಹಳ ಸಂತೋಷವಾಯಿತು. ಫೋಟೋ ಕಳಿಸಿದ ಮೇಲೆ ಎರಡು ದಿನ ಉತ್ತರವಿಲ್ಲ.

ಎಂಜಿ ಎಂದರೆ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. 1929ರಿಂದ 1980ರವರೆಗೆ ಹತ್ತಿರದ ಆಬಿಂಗ್ಡನ್ ಎಂಬ ಪುಟ್ಟ ಊರಿನಲ್ಲಿ ಇವರ ಕಾರ್ಖಾನೆ ಇತ್ತು. ಎಂಜಿಬಿ 1962ರಲ್ಲಿ ಶುರುವಾಗಿ ಕಾರ್ಖಾನೆ ಮುಚ್ಚುವವರೆಗೂ ಬಂತು. ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಆದ್ದರಿಂದ ನನ್ನದು ಅಪರೂಪದ ವಸ್ತುವೇನಲ್ಲ. ಸ್ಪೋರ್ಟ್ಸ್ ಕಾರು ಎಂಬ ಹೆಸರಿದ್ದರೂ ಈಗ ಹಿಂದಿನಿಂದ ಬರುವ ತರಕಾರಿ ವ್ಯಾನುಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ.

ಒಂದು ಕಾಲದಲ್ಲಿ ಕಾರಿನ ಜೊತೆ ಟೂಲ್ಸ್ ಕೊಡುವುದು ಮದುವೆಯಲ್ಲಿ ಮಗಳ ಜೊತೆ ಪಾತ್ರೆ ಕಳಿಸಿದಷ್ಟು ಕಡ್ಡಾಯವಾಗಿತ್ತು. ಜಾಗ್ವಾರ್ ಮಾರ್ಕ್ ಟೂ ಕಾರಿನಲ್ಲಿ ಸ್ಟೆಪ್ನಿಯ ನಡುವಿನ ಗುಂಡಿಗೆ ಸರಿಯಾಗಿ ಕೂರುವ ದುಂಡನೆಯ ಪೆಟ್ಟಿಗೆ ಇರುತ್ತಿತ್ತು. ಒಂದೊಂದು ಹತಾರಕ್ಕೂ ಅದರದೇ ಆಕಾರದ ಗೂಡು. ಇಂದು ಆ ಪೆಟ್ಟಿಗೆ ಪೂರ್ತಿಯಾಗಿ ಸಿಕ್ಕಿದರೆ ಒಂದು ಸ್ಕೂಟರಿನ ಬೆಲೆಗೆ ಹೋಗುತ್ತದೆ. ಎಂಜಿಯ ಹಳೆಯ ಟಿಸಿ ಕಾರಿನಲ್ಲಿ ಬಾನೆಟ್ಟಿನ ಅಡಿಯಲ್ಲೇ, ಎಂಜಿನ್ನಿನ ಹಿಂದೆ, ಟೂಲ್ಸಿಗಾಗಿ ಪೆಟ್ಟಿಗೆ ಕಟ್ಟಿದ್ದರು. ನನ್ನ ಕಾರಿನ ಕಾಲಕ್ಕೆ ಕಂಪನಿಯ ಕೈ ಬಿಗಿಯಾಗಿತ್ತು. ಜಾಕು, ಪ್ಲಗ್ ಸ್ಪ್ಯಾನರು, ಕಡ್ಡಿ ಚಕ್ರದವರಿಗೆ ಒಂದು ಸುತ್ತಿಗೆ. ಉಳಿದದ್ದನ್ನು ಮಾಲೀಕರೇ ಸೇರಿಸಿಕೊಳ್ಳುತ್ತಿದ್ದರು. ಈಗಿನ ಕಾರುಗಳಲ್ಲಿ ಅದೂ ಇಲ್ಲ. ಟಯರಿಗೆ ಚುಚ್ಚುವ ಅಂಟಿನ ಡಬ್ಬಿ, ಮತ್ತೆ ಒಂದು ಫೋನ್ ನಂಬರು.

ನಾನು ಮೂಳೆ ಡಾಕ್ಟರು. ಸುತ್ತಿಗೆ, ಗರಗಸ, ಡ್ರಿಲ್ಲು, ಸ್ಕ್ರೂಡ್ರೈವರು ಹಿಡಿದೇ ಸಂಸಾರ ತೂಗಿಸಿದವನು. ಇಂಥವನಿಗೆ ಕಾರು ರಿಪೇರಿ ಎಷ್ಟರದು ಎಂದು ಜನ ತಿಳಿಯುತ್ತಾರೆ. ಅವರಿಗೆ ಆಪರೇಷನ್ ಥಿಯೇಟರಿನ ಗುಟ್ಟು ಗೊತ್ತಿಲ್ಲ. ಅಲ್ಲಿ ಅಂಗೈ ಚಾಚಿದರೆ ಸಾಕು, ಬೇಕಾದದ್ದನ್ನು ನರ್ಸು ಪಟ್ಟನೆ ಇಡುತ್ತಾಳೆ. ಎಷ್ಟೋ ಸಲ ಬೇಕಾದದ್ದು ಯಾವುದೆಂದು ಡಾಕ್ಟರಿಗಿಂತ ಮೊದಲು ಅವಳಿಗೇ ಗೊತ್ತಿರುತ್ತದೆ. ಗ್ಯಾರೇಜಿನಲ್ಲಿ ಕೈ ಚಾಚಿದರೆ ಅದು ಚಾಚಿಕೊಂಡೇ ಇರುತ್ತದೆ. ಇನ್ನೊಂದು ವ್ಯತ್ಯಾಸ ಎಣಿಕೆಯದು. ಹೊಲಿಗೆ ಹಾಕುವ ಮೊದಲು ಥಿಯೇಟರಿನಲ್ಲಿ ಪ್ರತಿಯೊಂದನ್ನೂ ಎಣಿಸುತ್ತಾರೆ. ಒಂದು ಬಟ್ಟೆ ಚೂರು ಲೆಕ್ಕಕ್ಕೆ ಸಿಗದಿದ್ದರೂ ಯಾರೂ ಮನೆಗೆ ಹೋಗುವಂತಿಲ್ಲ. ನನ್ನ ಕಾರನ್ನು ನನಗಿಂತ ಮೊದಲು ಬಿಚ್ಚಿದ ಮಹಾನುಭಾವರಲ್ಲಿ ಯಾರಿಗೂ ಈ ಶಿಸ್ತು ಇದ್ದಂತಿಲ್ಲ. ರೇಡಿಯೇಟರಿನ ಕೆಳಗಿನ ಸಂದಿಯಲ್ಲಿ ಗ್ರೀಸು, ಎಲೆ, ಮಣ್ಣಿನ ಮುದ್ದೆಯೊಳಗೆ ಒಂದು ಪುಟ್ಟ ಸ್ಪ್ಯಾನರು ಸಿಕ್ಕಿತು. ಏಳು ಬೈ ಹದಿನಾರು. ತೊಳೆದು ಒರೆಸಿ ಅದರ ಕಲೆ ಹುಡುಕಿದರೆ ಸರಿಯಾಗಿ ಹೊಂದಿತು. ಮನೆ ಬಿಟ್ಟು ಹೋದವನು ಅಟ್ಟದ ಮೇಲೇ ಇದ್ದ.

ಉಳಿದವರನ್ನು ಹುಡುಕಿಕೊಂಡು ಸೆಪ್ಟೆಂಬರಿನಲ್ಲಿ ಹ್ಯಾಂಪ್‌ಶೈರಿನ ಬ್ಯೂಲಿಗೆ ಹೋದೆ. ಅಲ್ಲಿ ಮೋಟಾರು ವಸ್ತುಸಂಗ್ರಹಾಲಯದ ಬಯಲಿನಲ್ಲಿ 1967ರಿಂದ ಹಳೆಯ ಬಿಡಿಭಾಗಗಳ ಜಾತ್ರೆ ನಡೆಯುತ್ತದೆ. ತೇರೊಂದು ಬಿಟ್ಟು ಎಲ್ಲ ಇದೆ. ಹುಲ್ಲಿನ ಮೇಲೆ ಟಾರ್ಪಾಲು ಹಾಸಿ ಹೆಡ್‌ಲೈಟು, ಹಾರ್ನು, ಯಾವ ಕಾರಿನದೆಂದು ಮಾರುವವನಿಗೂ ಗೊತ್ತಿಲ್ಲದ ಹಿಡಿಕೆಗಳು. ಹಾಲಿನ ಕ್ರೇಟುಗಳ ತುಂಬ ಸ್ಪ್ಯಾನರುಗಳು. ಮಳೆ ಬೀಳುತ್ತಿದ್ದರೂ ಕೊಡೆ ಬಿಚ್ಚದೆ ಕ್ರೇಟಿನೊಳಗೆ ಮೊಣಕೈವರೆಗೆ ಕೈಯಿಟ್ಟು ಕಲಕುತ್ತಿರುವ ಗಂಡಸರು. ಎಲ್ಲರಿಗೂ ನನ್ನದೇ ವಯಸ್ಸು, ನನ್ನದೇ ಬೊಕ್ಕತಲೆ, ಸ್ವಲ್ಪ ದೂರದಲ್ಲಿ ಗಡಿಯಾರ ನೋಡುತ್ತ ನಿಂತ ಹೆಂಡತಿಯರು.

ಅಲ್ಲಿ ಎರಡು ಜಾತಿ. ಒಂದು, ಪ್ರದರ್ಶನಕ್ಕೆ ಕಾರು ಇಡುವವರದು. ಇವರಿಗೆ ಟೂಲ್ಸ್ ಕೆಲಸ ಮಾಡಬೇಕೆಂದಿಲ್ಲ, ಆ ವರ್ಷದ್ದಾಗಿರಬೇಕು. ಬಟ್ಟೆಗೆ ದಾರವೋ ಪಟ್ಟಿಯೋ, ಸ್ಪ್ಯಾನರಿನ ಮೇಲಿನ ಅಕ್ಷರ ಉಬ್ಬೋ ತಗ್ಗೋ ಎಂದು ಭೂತಗನ್ನಡಿ ಹಿಡಿದು ವಾದಿಸುತ್ತಾರೆ. ಇನ್ನೊಂದು, ದಾರಿಯಲ್ಲಿ ನಿಂತು ಅನುಭವವಿದ್ದವರದು. ಇವರಿಗೆ ವರ್ಷ ಬೇಡ, ಬಾಯಿ ಸವೆದಿರಬಾರದು ಅಷ್ಟೇ. ನಾನು ಮನಸ್ಸಿನಲ್ಲಿ ಎರಡನೆಯವನು, ಕೈಯಲ್ಲಿ ಮೊದಲನೆಯವನು. ಉಬ್ಬಕ್ಷರದ ಕಟಿಂಗ್ ಪ್ಲೇಯರನ್ನು ಬೆಲೆ ಕೇಳುವ ಮೊದಲೇ ಕೊಂಡಿದ್ದೆ.

ನನಗೆ ಮುಖ್ಯವಾಗಿ ಬೇಕಿದ್ದದ್ದು ಅರ್ಧ ಇಂಚು. ಈ ಕಾರಿನಲ್ಲಿ ಕಣ್ಣು ಮುಚ್ಚಿ ಕೈಯಿಟ್ಟರೆ ಸಿಗುವ ಬೋಲ್ಟಿಗೆ ಅದೇ ಬೇಕು. ಮನೆಯಲ್ಲಿ ಹದಿಮೂರು ಮಿಲಿಮೀಟರಿನದು ಇತ್ತಲ್ಲ ಎನ್ನಬಹುದು. ಅರ್ಧ ಇಂಚು ಎಂದರೆ 12.7. ಆ ಚೂರು ಸಡಿಲದಲ್ಲೇ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಯಾವ ಸ್ಪ್ಯಾನರಿಗೂ ಅದು ಬಗ್ಗುವುದಿಲ್ಲ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಅಂದು ಜೊತೆಗಿದ್ದರು. ಕ್ರೇಟಿನಿಂದ ನಾನು ಎತ್ತಿದ್ದನ್ನೆಲ್ಲ ಅವರು ಮೂಗಿನ ತುದಿಯ ಕನ್ನಡಕದಿಂದ ನೋಡಿ “ವಿಟ್ವರ್ತ್” ಎಂದು ವಾಪಸು ಹಾಕುತ್ತಿದ್ದರು. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರು ಸ್ಕ್ರೂಗಳಿಗೆಲ್ಲ ಒಂದು ಅಳತೆ ಕಟ್ಟಿಕೊಟ್ಟ. ಆ ಲೆಕ್ಕದಲ್ಲಿ ಅರ್ಧ ಇಂಚು ಎಂದರೆ ಬೋಲ್ಟಿನ ದಪ್ಪ. ನನಗೆ ಬೇಕಾದ ಲೆಕ್ಕದಲ್ಲಿ ಸ್ಪ್ಯಾನರಿನ ಬಾಯಿಯ ಅಗಲ. ಎರಡರ ಮೇಲೂ ಅರ್ಧ ಎಂದೇ ಕೆತ್ತಿರುತ್ತದೆ, ಒಂದು ಇನ್ನೊಂದರ ಹತ್ತಿರಕ್ಕೂ ಬರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬೋಲ್ಟು ಬ್ರಿಟನ್ನಿನ ನಟ್ಟಿಗೆ ಕೂರದೆ ಪಾಡುಪಟ್ಟ ಮೇಲೆ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಕೂತು ಒಂದೇ ಅಳತೆಗೆ ಒಪ್ಪಿದವು. ನನ್ನ ಕಾರು ಆ ಒಪ್ಪಂದದ ಕೂಸು.

ಹಿರಿಯರ ಬಳಿ ಇರುವುದು ಯುದ್ಧ ಮುಗಿದ ಹೊಸತರ ಟಿಸಿ. ಅದರ ಎಂಜಿನ್ನಿನ ಮೂಲ ಕಾರ್ಖಾನೆಯಲ್ಲಿ ಫ್ರಾನ್ಸಿನ ಹಾಚ್ಕಿಸ್ ಕಂಪನಿಯ ಯಂತ್ರಗಳಿದ್ದವು. ಅವು ಬೋಲ್ಟಿಗೆ ಮೆಟ್ರಿಕ್ ಮರೆ ಮಾತ್ರ ಕೊಯ್ಯುತ್ತಿದ್ದವು. ಇಂಗ್ಲಿಷ್ ಮೆಕ್ಯಾನಿಕ್ಕಿನ ಬಳಿ ಫ್ರೆಂಚ್ ಸ್ಪ್ಯಾನರು ಎಲ್ಲಿಂದ ಬರಬೇಕು? ಹಾಗಾಗಿ ಮರೆ ಮೆಟ್ರಿಕ್ಕು, ತಲೆ ವಿಟ್ವರ್ತ್. ಇದನ್ನು ಅವರು ಭೇಟಿಯಾದಾಗಲೆಲ್ಲ ಹೇಳುತ್ತಾರೆ. ನಾನೂ ಪ್ರತಿಸಲ ಆಶ್ಚರ್ಯಪಡುತ್ತೇನೆ. ಕ್ಲಬ್ಬಿನ ಸದಸ್ಯತ್ವ ಉಳಿಯಬೇಕಲ್ಲ. ಅಂತೂ ಅಂದು ಅರ್ಧ ಇಂಚು ಸಿಗಲಿಲ್ಲ. ಸಿಕ್ಕದ್ದು ಚಕ್ರದ ಸುತ್ತಿಗೆ. ಒಂದು ಮುಖ ತಾಮ್ರ, ಇನ್ನೊಂದು ಮುಖ ಹಸಿ ಚರ್ಮ ಸುತ್ತಿ ಬಿಗಿದದ್ದು. ಕಡ್ಡಿ ಚಕ್ರಕ್ಕೆ ನಾಲ್ಕೈದು ನಟ್ಟುಗಳಿರುವುದಿಲ್ಲ; ನಡುವೆ ಎರಡು ಕಿವಿಯ ಒಂದೇ ದೊಡ್ಡ ತಿರುಪು. ಎಡಗಡೆಯದು ಒಂದು ದಿಕ್ಕಿಗೆ, ಬಲಗಡೆಯದು ಅದಕ್ಕೆ ವಿರುದ್ಧ. ಯಾವ ಕಡೆ ಹೊಡೆದರೆ ಬಿಚ್ಚುತ್ತದೆಂದು ಅದರ ಮೇಲೇ ಬಾಣ ಬರೆದಿರುತ್ತಾರೆ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಕಿವಿ ಜಜ್ಜಿಹೋಗುತ್ತದೆ, ಅದಕ್ಕೇ ತಾಮ್ರ.

ಮನೆಗೆ ಬರುವಾಗ ಹಿರಿಯರು ಒಂದು ಮಾತು ಹೇಳಿದರು. ನಿನ್ನ ಕಾರಿನ ಎಂಜಿನ್ನು ಬಿ-ಸೀರೀಸು, ಅದರ ಚಿಕ್ಕ ಅವತಾರ ನಿಮ್ಮ ದೇಶದಲ್ಲಿ ಬಹಳ ಕಾಲ ಬದುಕಿತ್ತು ಎಂದು. ನನಗದು ಗೊತ್ತಿತ್ತು ಎನ್ನುವುದಕ್ಕಿಂತ ನನ್ನ ಕಿವಿಗೆ ಗೊತ್ತಿತ್ತು. ಈ ಕಾರನ್ನು ನೋಡಲು ಮೊದಲ ಸಲ ಹೋದಾಗ, ಮಾರುವವನು ಕೀಲಿ ತಿರುಗಿಸಿದ ಕೂಡಲೇ, ಎಂಜಿನ್ನು ಹಿಡಿಯುವ ಮುನ್ನದ ಆ ಗುಂಯ್‌ಗುಟ್ಟುವ ಉಸಿರಾಟಕ್ಕೆ ನಾನು ಬೆಲೆ ಚೌಕಾಶಿ ಮಾಡುವುದನ್ನು ಬಿಟ್ಟುಬಿಟ್ಟಿದ್ದೆ. ಅದು ನಮ್ಮ ದೊಡ್ಡಪ್ಪನ ಅಂಬಾಸಿಡರಿನ ದನಿ.

ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡು. ಆಬಿಂಗ್ಡನ್ನಿಗೆ ಹತ್ತಿರದ ಕೌಲಿಯಲ್ಲಿ ಹುಟ್ಟಿ, ಬಂಗಾಳದ ಉತ್ತರಪಾರಕ್ಕೆ ಬಂದು, 2014ರವರೆಗೂ ತಯಾರಾಗುತ್ತಲೇ ಇತ್ತು. ಅದರ 1489 ಸಿಸಿಯ ಎಂಜಿನ್ನೇ ಹಿಗ್ಗಿ 1798 ಆಗಿ ನನ್ನ ಎಂಜಿಬಿಯಲ್ಲಿ ಕೂತಿದೆ. ಒಂದು ಮಂತ್ರಿಗಳನ್ನೂ ಮದುವೆ ದಿಬ್ಬಣವನ್ನೂ ಹೊತ್ತಿತು. ಇನ್ನೊಂದು ಚಾವಣಿ ಬಿಚ್ಚಿಕೊಂಡು ಕಡಲ ತೀರಕ್ಕೆ ಹೋಯಿತು.

ದೊಡ್ಡಪ್ಪನ ಕಾರನ್ನು ಓಡಿಸುತ್ತಿದ್ದವರನ್ನು ಊರೆಲ್ಲ ಸಾಬರು ಎಂದೇ ಕರೆಯುತ್ತಿತ್ತು. ಅವರ ಟೂಲ್ಸ್ ಚೀಲ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹರಿದ ಖಾಕಿ ಪ್ಯಾಂಟಿನ ಎಡಗಾಲು ಅದು. ಕೆಳತುದಿಯನ್ನು ಹೊಲಿದು ಮುಚ್ಚಿ, ಮೇಲ್ತುದಿಗೆ ಪೈಜಾಮದ ಲಾಡಿ ಪೋಣಿಸಿದ್ದರು. ಮೊಣಕಾಲಿನ ಜಾಗದಲ್ಲಿ ಹಾಕಿದ್ದ ತೇಪೆ ಹಾಗೇ ಇತ್ತು. ಒಳಗೆ, ಪೇರಲೆ ಕಟ್ಟಿಗೆಯ ಹಿಡಿ ಹಾಕಿದ ಸ್ಕ್ರೂಡ್ರೈವರು, ಬಾಯಿ ಸವೆದ ಕಟಿಂಗ್ ಪ್ಲೇಯರು, ಬೈಂಡಿಂಗ್ ವೈರಿನ ಸುರುಳಿ, ಸೈಕಲ್ ಟ್ಯೂಬಿನ ಪಟ್ಟಿ, ಎಮರಿ ಪೇಪರು, ಬಟ್ಟೆ ಸೋಪಿನ ತುಂಡು, ಅರಿಶಿನದ ಪೊಟ್ಟಣ. ಸೋಪು ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ, ಅರಿಶಿನ ರೇಡಿಯೇಟರಿನ ಸೋರಿಕೆಗೆ. ಪಾಯಿಂಟಿನ ಸಂದು ಹೊಂದಿಸಲು ಎಂಜಿಬಿಯವರು ಇಂಚಿನ ಸಾವಿರ ಭಾಗದಲ್ಲಿ ಹದಿನೈದು ಎಂದು ಫೀಲರ್ ಗೇಜು ಹಿಡಿಯುತ್ತಾರೆ. ಸಾಬರು ಗಜಾನನ ಬಸ್ಸಿನ ಟಿಕೇಟನ್ನು ಮಡಚಿ ತೂರಿಸುತ್ತಿದ್ದರು. ಕಾರು ಪರಊರಿನಲ್ಲಿ ರಾತ್ರಿ ನಿಂತರೆ ಡಿಸ್ಟ್ರಿಬ್ಯೂಟರಿನ ರೋಟರನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಮಲಗುತ್ತಿದ್ದರು. ಕಳ್ಳ ಎಷ್ಟು ಹ್ಯಾಂಡಲ್ ಹೊಡೆದರೂ ಕಾರು ಕದಲುವಂತಿರಲಿಲ್ಲ. ಅದು ಯಾವ ಕಂಪನಿಯೂ ಕೊಟ್ಟ ಚೀಲವಲ್ಲ. ಕಾರು ನಿಂತ ಒಂದೊಂದು ಊರೂ ಅದಕ್ಕೊಂದು ಸಾಮಾನು ಸೇರಿಸಿತ್ತು. ಸೋಪು ಕಾರ್ಗಲ್ಲಿನದು, ಅರಿಶಿನ ಹೊಸನಗರದ್ದು. ಬ್ಯೂಲಿಯ ಭೂತಗನ್ನಡಿಯವರಿಗೆ ಇದನ್ನು ಹೇಗೆ ವಿವರಿಸಲಿ?

ಒಮ್ಮೆ ಉಡುಪಿಯಿಂದ ವಾಪಸಾಗುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಕಾರು ಕೆಮ್ಮಿ ನಿಂತಿತು. ಸಾಬರು ಬಾನೆಟ್ ಎತ್ತಿ, ಚೀಲ ಬಿಚ್ಚಲೂ ಇಲ್ಲ, “ಒದ್ದೆ ಬಟ್ಟೆ ಬೇಕಲ್ಲ ಹೆಗಡೇರೆ” ಎಂದರು. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾದರೆ ಪಂಪು ಎಳೆಯಲಾರದು, ಅದನ್ನು ತಣ್ಣಗೆ ಮಾಡಬೇಕು. ಕಾರಿನಲ್ಲಿದ್ದ ಒದ್ದೆ ಬಟ್ಟೆ ಒಂದೇ: ಬೆಳಿಗ್ಗೆ ಮಧ್ವ ಸರೋವರದಲ್ಲಿ ಮುಳುಗೆದ್ದು ಹಿಂಡಿಟ್ಟಿದ್ದ ದೊಡ್ಡಪ್ಪನ ಪಂಚೆ. “ಅದು ಮಡೀದು!” ಎಂದು ದೊಡ್ಡಮ್ಮ ಹಿಂದಿನ ಸೀಟಿನಿಂದ ಕೂಗಿದರು. ಸಾಬರು ಎರಡು ಹೆಜ್ಜೆ ಹಿಂದೆ ಸರಿದು ಆಕಾಶ ನೋಡತೊಡಗಿದರು. ದೊಡ್ಡಪ್ಪನೇ ಇಳಿದು ಬಂದು, ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ದೇವರಿಗೆ ವಸ್ತ್ರ ಉಡಿಸುವ ಗಾಂಭೀರ್ಯದಲ್ಲಿ ಪಂಪಿನ ಮೇಲೆ ಹೊದೆಸಿದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಪಂಚೆಯಿಂದ ಹಬೆ ಎದ್ದಿತು, ಕಾರು ಹೊರಟಿತು. ಆ ಪಂಚೆಯ ಮಡಿ ಉಳಿಯಿತೋ ಹೋಯಿತೋ ಎಂಬ ಚರ್ಚೆ ತೀರ್ಥಹಳ್ಳಿಯವರೆಗೂ ನಡೆಯಿತು.

ಬೆಳಗಿನ ಚಳಿಗೆ ಅಂಬಾಸಿಡರ್ ಸ್ಟಾರ್ಟಾಗದಿದ್ದರೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕಿತ್ತು. ನಾನು ಹಟ ಮಾಡಿ ಹಿಡಿದಾಗ ಸಾಬರು ನನ್ನ ಹೆಬ್ಬೆರಳನ್ನು ಬಿಡಿಸಿ ಉಳಿದ ಬೆರಳುಗಳ ಪಕ್ಕಕ್ಕೆ ತಂದಿಟ್ಟರು. “ಹೆಬ್ಬೆಟ್ಟು ಸುತ್ತ ಹಾಕ್ಬೇಡಿ ಸಣ್ಣಯ್ಯ, ವಾಪಸ್ ಒದ್ರೆ ಕೈ ಉಳಿಯಲ್ಲ.” ಅವರ ಬಲ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು, ಯಾಕೆಂದು ನಾನು ಕೇಳಿರಲಿಲ್ಲ. ಎಷ್ಟೋ ವರ್ಷಗಳ ನಂತರ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ಮೂಳೆಯ ಪಾಠ ಓದುವಾಗ, ಹೆಬ್ಬೆರಳಿನ ಬದಿಯ ಮಣಿಕಟ್ಟಿನ ತುದಿ ಮುರಿಯುವುದಕ್ಕೆ ಒಂದು ಹೆಸರು ಸಿಕ್ಕಿತು: ಶೋಫರ್ಸ್ ಫ್ರ್ಯಾಕ್ಚರ್. ಹ್ಯಾಂಡಲ್ ಹಿಂದಕ್ಕೆ ಒದ್ದು ಡ್ರೈವರುಗಳಿಗೆ ಆಗುತ್ತಿದ್ದದ್ದರಿಂದ ಆ ಹೆಸರು. ಪುಸ್ತಕದ ಎಕ್ಸ್‌ರೇಯಲ್ಲಿ ನನಗೆ ಕಂಡದ್ದು ಸಾಬರ ಕೈ. ಮೂಳೆಯನ್ನೇ ಆರಿಸಿಕೊಂಡದ್ದು ಅದಕ್ಕೇ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ನಿಜವೆಂದರೆ ಆ ವರ್ಷ ಬೇರೆ ಸೀಟು ಇರಲಿಲ್ಲ.

ಅರ್ಧ ಇಂಚು ಕೊನೆಗೆ ಸಿಕ್ಕದ್ದು ಶಿವಮೊಗ್ಗದ ಗುಜರಿಯಲ್ಲಿ. ಊರಿಗೆ ಹೋದಾಗ ಹೊಳೆಯಿತು: ಅಂಬಾಸಿಡರಿನದೂ ಇಂಚಿನ ಬೋಲ್ಟುಗಳೇ, ಅವನ್ನು ಬಿಚ್ಚುತ್ತಿದ್ದ ಸ್ಪ್ಯಾನರುಗಳೆಲ್ಲ ಎಲ್ಲಿ ಹೋಗಿರಬೇಕು? ಗುಜರಿಯಲ್ಲಿ ರಾಶಿ ಬಿದ್ದಿದ್ದವು. ಇಂಗ್ಲೆಂಡಿನಲ್ಲಿ ಒಂದೊಂದಕ್ಕೆ ಚೀಟಿ ಅಂಟಿಸಿ ಮಾರುವುದನ್ನು ಇಲ್ಲಿ ಕಿಲೋ ಲೆಕ್ಕದಲ್ಲಿ ತೂಗುತ್ತಿದ್ದರು. ಒಂದರ ತುಕ್ಕು ಉಜ್ಜಿದರೆ ‘ಕಿಂಗ್ ಡಿಕ್’ ಎಂಬ ಅಕ್ಷರ. ಅದು ಬರ್ಮಿಂಗ್‌ಹ್ಯಾಮಿನ ಹಳೆಯ ಕಂಪನಿ. ಹೆಸರು ಯಾವ ರಾಜನದೂ ಅಲ್ಲ, ಒಂದು ಬುಲ್‌ಡಾಗ್ ನಾಯಿಯದು. ನಾನು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದನ್ನು ಅಂಗಡಿಯವನು ನೋಡಿಬಿಟ್ಟ. “ಭದ್ರಾವತಿ ಫ್ಯಾಕ್ಟ್ರಿ ಮಾಲು ಸಾರ್, ಬ್ರಿಟಿಷ್ನೋರ ಕಾಲದ್ದು” ಎಂದ. ಗುಜರಿಯವರ ಮಾತಿಗೆ ರಸೀದಿ ಇರುವುದಿಲ್ಲ. ಆ ಒಂದು ಸ್ಪ್ಯಾನರು ಮಾತ್ರ ತಕ್ಕಡಿಯಿಂದ ಹೊರಬಂದು ಬಿಡಿ ಲೆಕ್ಕಕ್ಕೆ ಹೋಯಿತು.

ಚಿಕ್ಕಮ್ಮ ಅದನ್ನು ಬನಿಯನ್ನಿನಲ್ಲಿ ಸುತ್ತಿ, ಸಾರಿನ ಪುಡಿ ಮತ್ತು ಹಲಸಿನ ಹಪ್ಪಳದ ನಡುವೆ ಇಟ್ಟರು. ಹೀಥ್ರೂನಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ತೆಗೆಸಿದ. ಸ್ಪ್ಯಾನರನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದ. ನಾನು ವಿವರಿಸಲು ಬಾಯಿ ತೆರೆಯುತ್ತಿದ್ದಂತೆ, “ಕಿಂಗ್ ಡಿಕ್ಕು, ನಮ್ಮಜ್ಜನ ಹತ್ತಿರ ಇತ್ತು. ಇದಿರಲಿ, ಈ ಪುಡಿ ಏನು?” ಎಂದ. ಸ್ಪ್ಯಾನರು ಅದರ ಜೇಬಿನಲ್ಲಿ ಈಗ ಬಿಗಿಯಾಗಿ ಕೂತಿದೆ. ಹತ್ತಿರ ಹೋದರೆ ಇಂಗಿನ ವಾಸನೆ.

ಹೀಗೆ ಒಂದೊಂದೇ ಸೇರಿಕೊಂಡಿತು. ಫ್ಯಾನ್ ಬೆಲ್ಟು, ಹೋಸ್ ಕ್ಲಿಪ್ಪು, ಪಾಯಿಂಟು, ಕಂಡೆನ್ಸರು, ಫ್ಯೂಸು. ಉದ್ದನೆಯ ಕಲೆ ಯಾವುದರದೆಂದು ಇನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಅಲ್ಲಿ ಒಂದು ಪೆನ್ಸಿಲ್ ಇಟ್ಟಿದ್ದೇನೆ. ಆದರೆ ಇವುಗಳಲ್ಲಿ ಯಾವುದೂ ನಮ್ಮನ್ನು ದಡ ಮುಟ್ಟಿಸಲಿಲ್ಲ. ಕನ್ನಡ ಬಳಗದ ದೀಪಾವಳಿಗೆ ಹೊರಟಿದ್ದೆವು. ನನ್ನಾಕೆ ಮೈಸೂರು ರೇಷ್ಮೆ ಉಟ್ಟಿದ್ದಳು, ಅವಳ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ. ದಾರಿಯಲ್ಲಿ ಕಾರು ಸದ್ದಿಲ್ಲದೆ ಸೊರಗಿ ನಿಂತಿತು. ಈ ಕಾರಿನ ಪೆಟ್ರೋಲ್ ಪಂಪು ಕರೆಂಟಿನದು, ಹಿಂದಿನ ಬಲಚಕ್ರದ ಬಳಿ ಕೆಳಗೆ ಕೂತಿರುತ್ತದೆ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಎಂದು ಬಡಿದು, ತುಂಬಿದ ಮೇಲೆ ನಿಧಾನವಾಗುತ್ತದೆ. ಒಳಗಿನ ಪಾಯಿಂಟು ಅಂಟಿಕೊಂಡರೆ ಟಿಕ್ಕೇ ಇಲ್ಲ. ಅದಕ್ಕಿರುವ ಔಷಧ ಇಡೀ ಇಂಗ್ಲೆಂಡಿಗೆ ಗೊತ್ತು: ಒಂದು ಏಟು. ಒಬ್ಬರು ಕೀಲಿ ಹಿಡಿಯಬೇಕು, ಒಬ್ಬರು ಹೊಡೆಯಬೇಕು. ಮೊಣಕಾಲೂರಿ ಬಗ್ಗಲು, ಎಷ್ಟೋ ಜನರ ಮೊಣಕಾಲು ಬದಲಿಸಿದ ನನಗೆ ಆಗುವುದಿಲ್ಲ.

ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಮ್ರದ ಸುತ್ತಿಗೆ ಎತ್ತಿಕೊಂಡಳು.

“ಎಲ್ಲಿ ಹೊಡೀಲಿ?”

“ಚಕ್ರದ ಮುಂದೆ, ಒಳಗಡೆ, ದುಂಡಗೆ ಡಬ್ಬಿ ಹಾಗಿದೆಯಲ್ಲ. ಮೆತ್ತಗೆ.”

“ಎಷ್ಟು ಮೆತ್ತಗೆ?”

“ಟಿಕ್ ಅನ್ನೋವರೆಗೆ.”

ಮೊದಲ ಏಟು ಮೆತ್ತಗಿತ್ತು. ಎರಡನೆಯದು ಅಷ್ಟು ಮೆತ್ತಗಿರಲಿಲ್ಲ. ಕಾರು ಕೊಂಡ ದಿನದಿಂದ ಕೂಡಿಟ್ಟದ್ದೇನೋ ಅದರಲ್ಲಿತ್ತು. ಟಿಕ್ ಟಿಕ್ ಟಿಕ್ ಶುರುವಾಯಿತು. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ರೈತನೊಬ್ಬ ನಿಲ್ಲಿಸಿ, ರೇಷ್ಮೆ ಸೀರೆ ಮತ್ತು ಸುತ್ತಿಗೆಯನ್ನು ನೋಡಿ, ಟೋಪಿ ತೆಗೆದು ನಮಸ್ಕರಿಸಿ ಮುಂದೆ ಹೋದ. ಪುಳಿಯೋಗರೆ ಹಿಡಿದು ಕೂತಿದ್ದ ನನ್ನನ್ನು ಅವನು ಗಮನಿಸಲಿಲ್ಲ.

ಸಾಬರ ಚೀಲದ ನೆನಪು ಬಿಡಲಿಲ್ಲ. ದೊಡ್ಡಪ್ಪ ಹೋದ ಮೇಲೆ ಅಂಬಾಸಿಡರನ್ನು ಆನಂದಪುರದ ಕಡೆಯವರಿಗೆ ಮಾರಿದ್ದರು, ಚೀಲವೂ ಅದರ ಜೊತೆಗೇ ಹೋಗಿತ್ತು. ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಖಾಕಿ ಪ್ಯಾಂಟೊಂದನ್ನು ಸಾಗರದ ಟೈಲರ್ ಹತ್ತಿರ ಒಯ್ದೆ. ಎಡಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿ, ಕೆಳಗೆ ಮುಚ್ಚಿ, ಬಾಯಿಗೆ ಲಾಡಿ ಹಾಕಿ ಎಂದೆ. ಅವರು ಪ್ಯಾಂಟನ್ನೂ ನನ್ನನ್ನೂ ನೋಡಿದರು. “ಚಡ್ಡಿ ಮಾಡ್ಬೇಕಿದ್ರೆ ಎರಡೂ ಕಾಲು ಕಡೀಬೇಕಲ್ಲ ಡಾಕ್ಟ್ರೇ?” ಎಂದರು. ವಿಷಯ ತಿಳಿದ ಮೇಲೆ ಉತ್ಸಾಹ ಬಂದು ಜಿಪ್ ಹಾಕುತ್ತೇನೆಂದು ಹಟ ಹಿಡಿದರು. ಜಿಪ್ ಬೇಡವೆಂದು ಒಪ್ಪಿಸಲು ಎರಡು ಲೋಟ ಚಹಾ ಖರ್ಚಾಯಿತು. ಮೊಣಕಾಲಿಗೆ ತೇಪೆ ಹಾಕಿ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು: “ಹರೀದೇ ಇದ್ದಲ್ಲಿ ತೇಪೆ ನಾ ಹಾಕೋದಿಲ್ಲ.” ಅದನ್ನು ನಾನೂ ಒತ್ತಾಯಿಸಲಿಲ್ಲ.

ಈಗ ಡಿಕ್ಕಿಯಲ್ಲಿ ಎರಡು ಚೀಲ. ಜೇಬಿನದು ನೋಡುವವರಿಗೆ, ಖಾಕಿಯದು ದಾರಿಗೆ. ಸೂಟ್‌ಕೇಸಿಗೆ ಜಾಗವಿಲ್ಲ. ಬೇಸಿಗೆಯಲ್ಲಿ ಕ್ಲಬ್ಬಿನ ಮೇಳಕ್ಕೆ ಒಯ್ದಾಗ ತೀರ್ಪುಗಾರರು ಜೇಬಿನ ಬಟ್ಟೆಯನ್ನು ಬಿಚ್ಚಿಸಿ, ಪೆನ್ಸಿಲ್ಲಿಗೆ ಅಂಕ ಕಳೆದು, ಖಾಕಿಯದರ ಮುಂದೆ ಬಹಳ ಹೊತ್ತು ನಿಂತರು. ಇದು ಯಾವ ವರ್ಷದ್ದು ಎಂದು ಕೇಳಿದರು. ಸಾಗರದ್ದು ಎಂದೆ. ಅವರು ಅದನ್ನೇ ಬರೆದುಕೊಂಡರು.

ಟಿಸಿಯ ಹಿರಿಯರು ಅಂದಿನಿಂದ ಬೆನ್ನು ಹತ್ತಿದ್ದಾರೆ. ಪ್ಯಾಂಟಿಗೆ ಎರಡು ಕಾಲಿರುತ್ತದೆಂಬುದು ಅವರಿಗೆ ತಡವಾಗಿಯಾದರೂ ಹೊಳೆದಿದೆ. ಬಲಗಾಲಿಗೆ ಹಿತ್ತಾಳೆಯ ಟಯರ್ ಗೇಜು ಕೊಡುತ್ತೇನೆಂದು ಶುರುಮಾಡಿದವರು ಈಗ ಗ್ರೀಸ್ ಗನ್ನಿನವರೆಗೆ ಬಂದಿದ್ದಾರೆ. ಹೊಲಿಗೆ ಕೂಲಿ ಬೇರೆ ಎಂದಿದ್ದೇನೆ. ಒಪ್ಪುತ್ತಾರೆ, ಆದರೆ ತೊಡಕು ಬೇರೆ ಕಡೆಯಿದೆ. ಬಲಗಾಲನ್ನು ನನ್ನಾಕೆ ತೋಟದ ಕತ್ತರಿ, ಸಲಿಕೆಗಳಿಗೆಂದು ಆಗಲೇ ಬೀರುವಿನಲ್ಲಿ ಮಡಚಿಟ್ಟುಕೊಂಡಿದ್ದಾಳೆ. ಗ್ರೀಸ್ ಗನ್ನಿನ ವಿಷಯ ತೆಗೆದರೆ ಅವಳದು ಒಂದೇ ಪ್ರಶ್ನೆ: “ಪಂಪಿಗೆ ಹೊಡೆದದ್ದು ಯಾರು?”